ಎಂ.ಎಸ್ಸಿ. ಪದವಿಯಿಂದ ನೋಂದಣಿಯವರೆಗೆ: ಬ್ರಿಟನ್ನಿನಲ್ಲಿ ಬಯೋಮೆಡಿಕಲ್ ಸೈಂಟಿಸ್ಟ್ ಆದ ಬಗೆ

ಬಯೋಮೆಡಿಕಲ್ ಸೈನ್ಸ್ ಓದಲು ಬ್ರಿಟನ್ನಿಗೆ ಹೊರಡುವ ನಮ್ಮ ಕಡೆಯವರು ಪ್ರವೇಶ, ಸಾಲ, ವೀಸಾ ಈ ಮೂರರ ಬಗ್ಗೆ ಎಷ್ಟು ವಿಚಾರಿಸುತ್ತಾರೋ ಅದರ ಕಾಲುಭಾಗದಷ್ಟನ್ನೂ ಓದು ಮುಗಿದ ಮೇಲಿನ ನೋಂದಣಿಯ ಬಗ್ಗೆ ವಿಚಾರಿಸುವುದಿಲ್ಲ. ಅಲ್ಲಿ 'ಬಯೋಮೆಡಿಕಲ್ ಸೈಂಟಿಸ್ಟ್', ಅಂದರೆ ಲ್ಯಾಬಿನಲ್ಲಿ ರೋಗಿಗಳ ರಕ್ತ ಮುಂತಾದ ಮಾದರಿಗಳನ್ನು ಪರೀಕ್ಷಿಸುವವರು, ಎಂಬ ಪದನಾಮಕ್ಕೆ ಕಾನೂನಿನ ರಕ್ಷಣೆಯಿದೆ. ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್, ಅಂದರೆ ಎಲ್ಲರೂ ಎಚ್‌ಸಿಪಿಸಿ ಎನ್ನುವ ಸಂಸ್ಥೆಯ ಪಟ್ಟಿಯಲ್ಲಿ ಹೆಸರಿಲ್ಲದವರು ಎಷ್ಟೇ ಓದಿದ್ದರೂ ಆ ಹೆಸರಿನಲ್ಲಿ ಕೆಲಸ ಮಾಡುವಂತಿಲ್ಲ. ನನ್ನ ಹೆಸರು ಆ ಪಟ್ಟಿಗೆ ಸೇರಿ ಹೆಚ್ಚು ದಿನವಾಗಿಲ್ಲ. ನಡುವೆ ಪಟ್ಟ ಪಾಡು ಇನ್ನೂ ಹಸಿಯಾಗಿರುವಾಗಲೇ ಬರೆದಿಟ್ಟರೆ ಹಿಂದೆ ಬರುವವರಿಗೆ ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು 2018ರಿಂದ 2021ರವರೆಗೆ ಓದಿದ್ದು ರಸಾಯನಶಾಸ್ತ್ರ, ಜೀವರಸಾಯನಶಾಸ್ತ್ರ ಮತ್ತು ಸೂಕ್ಷ್ಮಜೀವಶಾಸ್ತ್ರಗಳನ್ನು ಒಳಗೊಂಡ ಮೂರು ವರ್ಷದ ಬಿ.ಎಸ್ಸಿ. ನೀಟ್‌ನಲ್ಲಿ ಸೀಟಿಗೆ ಬೇಕಾದಷ್ಟು ಅಂಕ ಬಾರದವರಿಗೆ ನಮ್ಮ ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಇದ್ದದ್ದರಲ್ಲಿ ವೈದ್ಯಕೀಯಕ್ಕೆ ಹತ್ತಿರದ ಓದು ಅದೇ ಆಗಿತ್ತು. ಪದವಿಯ ನಂತರ ಊರಿನ ಡಯಾಗ್ನಾಸ್ಟಿಕ್ ಲ್ಯಾಬಿನಲ್ಲಿ ಬೆಳಗಿನ ಪಾಳಿಯಲ್ಲಿ ರಕ್ತ ತೆಗೆಯುವುದು, ವರದಿ ಟೈಪ್ ಮಾಡುವುದು ಇತ್ಯಾದಿ ಮಾಡಿಕೊಂಡಿದ್ದೆ. ಆ ಕೆಲಸ ನನಗೆ ಹಿಡಿಸಿತ್ತು, ಸಂಬಳ ಮಾತ್ರ ಬಸ್ ಪಾಸು ಮತ್ತು ಮೊಬೈಲಿನ ಖರ್ಚು ಕಳೆದರೆ ಹೇಳಿಕೊಳ್ಳುವಂತಿರಲಿಲ್ಲ.

ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೆ ಅಪ್ಪನೊಂದಿಗೆ ಹೋದಾಗ ಅಲ್ಲಿದ್ದವರು ಒಂದು ಎಂ.ಎಸ್ಸಿ. ಕೋರ್ಸಿನ ಹಾಳೆಯನ್ನು ಮುಂದಿಟ್ಟು, "ಇದಕ್ಕೆ ಐಬಿಎಂಎಸ್ ಮಾನ್ಯತೆ ಇದೆ ಸರ್, ಮುಗಿಸಿದ ಕೂಡಲೇ ಮಗಳಿಗೆ ಎನ್‌ಎಚ್‌ಎಸ್ ಲ್ಯಾಬಿನಲ್ಲಿ ಕೆಲಸ" ಎಂದರು. ಎನ್‌ಎಚ್‌ಎಸ್ ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ. ಐಬಿಎಂಎಸ್ ಎಂದರೆ ಇನ್‌ಸ್ಟಿಟ್ಯೂಟ್ ಆಫ್ ಬಯೋಮೆಡಿಕಲ್ ಸೈನ್ಸ್, ಈ ವೃತ್ತಿಯವರ ಸಂಘ, 1912ರಿಂದ ಇರುವಂಥದ್ದು. ಮುಂಗಡ ಕಟ್ಟುವ ಮೊದಲು ಆ ಸಂಘದ ಮಾಹಿತಿಯನ್ನೇ ಕುಳಿತು ಓದಿದೆ. ಅಲ್ಲಿ ತಿಳಿದದ್ದು ಇಷ್ಟು: ನೋಂದಣಿಗೆ ಲೆಕ್ಕಕ್ಕೆ ಬರುವುದು ಮಾನ್ಯತೆ ಪಡೆದ ಬಿ.ಎಸ್ಸಿ. ಆನರ್ಸ್ ಪದವಿ ಅಥವಾ ಅದಕ್ಕೆ ಸಮ ಎಂದು ಸಂಘವೇ ಪರಿಶೀಲಿಸಿ ಒಪ್ಪಿದ ಓದು. ಎಂ.ಎಸ್ಸಿ.ಗೆ ಮಾನ್ಯತೆ ಇದ್ದರೂ ಅದೊಂದರಿಂದಲೇ ನೋಂದಣಿಯ ಅರ್ಹತೆ ಸಿಗುವುದಿಲ್ಲ. ಪದವಿಯ ಮೇಲೆ, ಸಂಘವು ತರಬೇತಿಗೆ ಅನುಮೋದಿಸಿದ ಪ್ರಯೋಗಾಲಯದಲ್ಲಿ 'ರಿಜಿಸ್ಟ್ರೇಷನ್ ಟ್ರೇನಿಂಗ್ ಪೋರ್ಟ್‌ಫೋಲಿಯೊ' ಎಂಬ ದೊಡ್ಡ ದಾಖಲೆಯನ್ನು ಪೂರ್ಣಗೊಳಿಸಿ 'ಸರ್ಟಿಫಿಕೇಟ್ ಆಫ್ ಕಾಂಪಿಟೆನ್ಸ್' ಪಡೆಯಬೇಕು. ಎಚ್‌ಸಿಪಿಸಿಗೆ ಅರ್ಜಿ ಹಾಕುವುದು ಆಮೇಲಿನ ಮಾತು.

ಇಷ್ಟೆಲ್ಲ ತಿಳಿದೇ ಹೊರಟೆ. ಪಿಯುಸಿ ಮುಗಿಸಿದವರಾದರೆ ನೇರವಾಗಿ ಅಲ್ಲಿನ ಬಿ.ಎಸ್ಸಿ. ಸೇರುವುದು ಸುಸೂತ್ರ. ಅದರಲ್ಲೂ ಆಸ್ಪತ್ರೆಯ ತರಬೇತಿಯನ್ನು ಒಳಗೇ ಸೇರಿಸಿಕೊಂಡು ಎಚ್‌ಸಿಪಿಸಿಯಿಂದಲೇ ಅನುಮೋದನೆ ಪಡೆದ ಪದವಿಗಳಿವೆ. ಅವನ್ನು ಮುಗಿಸಿದವರು ನೇರ ಅರ್ಜಿ ಹಾಕಬಹುದು. ಆದರೆ ಮತ್ತೆ ಮೂರು ವರ್ಷದ ಶುಲ್ಕ ಕಟ್ಟುವ ಶಕ್ತಿ ನಮ್ಮ ಮನೆಗಿರಲಿಲ್ಲ. ಇನ್ನೊಂದು ಮಾತು: ಭಾರತದಲ್ಲಿ ಬಿ.ಎಸ್ಸಿ. ಎಂಎಲ್‌ಟಿ (ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ) ಓದಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲವು ವರ್ಷ ದುಡಿದವರು ಎಚ್‌ಸಿಪಿಸಿಯ ಅಂತರರಾಷ್ಟ್ರೀಯ ಅರ್ಜಿದಾರರ ದಾರಿಯಲ್ಲಿ ಊರಿನಿಂದಲೇ ಅರ್ಜಿ ಹಾಕಬಹುದು. ಅಂಥವರು ಎಂ.ಎಸ್ಸಿ.ಗೆಂದು ಲಕ್ಷಗಟ್ಟಲೆ ಸಾಲ ಮಾಡುವ ಮೊದಲು ಆ ದಾರಿಯನ್ನು ನೋಡಬೇಕು. ಯಾವ ಕನ್ಸಲ್ಟೆನ್ಸಿಯವರೂ ಇದನ್ನು ತಾವಾಗಿ ಹೇಳಲಾರರು, ಏಕೆಂದರೆ ಅದರಲ್ಲಿ ಅವರಿಗೆ ಕಮಿಷನ್ ಇಲ್ಲ.

ಸಾಲದ ಕಥೆ ಬೇರೆಯೇ. ಏಳೂವರೆ ಲಕ್ಷ ರೂಪಾಯಿಯನ್ನು ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕು ಆಸ್ತಿಯ ಮೇಲಾಧಾರ ಕೇಳಿತು. ನಮ್ಮಲ್ಲಿದ್ದದ್ದು ಪಂಚಾಯಿತಿ ವ್ಯಾಪ್ತಿಯ ಒಂದು ನಿವೇಶನ. ಅದರ ಕ್ರಯಪತ್ರ, ಋಣಭಾರ ಪ್ರಮಾಣಪತ್ರ, ಕಂದಾಯ ಕಟ್ಟಿದ ರಸೀದಿ ಎಲ್ಲವನ್ನೂ ಬ್ಯಾಂಕಿನ ವಕೀಲರ ಅಭಿಪ್ರಾಯಕ್ಕೆ ಕೊಟ್ಟರೆ, ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಇಲ್ಲದೆ ಅಡಮಾನ ಆಗುವುದಿಲ್ಲ ಎಂಬ ಉತ್ತರ ಬಂತು. ಆ ಎರಡು ಹಾಳೆಗಳಿಗಾಗಿ ಅಪ್ಪ ಪಂಚಾಯಿತಿ ಕಚೇರಿಯ ಬೆಂಚಿನ ಮೇಲೆ ಕುಳಿತ ಹೊತ್ತನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ವಿಶ್ವವಿದ್ಯಾಲಯದ ಆಫರ್ ಬರುವವರೆಗೆ ಕಾಯದೆ ಆಸ್ತಿಯ ದಾಖಲೆಗಳನ್ನು ಮೊದಲೇ ಸರಿಮಾಡಿಸಿಟ್ಟುಕೊಂಡರೆ ಒಂದಿಡೀ ಋತುವೇ ಉಳಿಯುತ್ತದೆ.

ವೀಸಾದ ಹಂತ ಇದ್ದದ್ದರಲ್ಲಿ ನಿರಾಳವಾಗಿತ್ತು. ಬೋಧನಾ ಶುಲ್ಕದ ಬಾಕಿಯ ಜೊತೆಗೆ, ಲಂಡನ್ನಿನ ಹೊರಗೆ ಓದುವವರು ತಿಂಗಳಿಗೆ 1,023 ಪೌಂಡಿನಂತೆ ಒಂಬತ್ತು ತಿಂಗಳಿಗೆ 9,207 ಪೌಂಡ್ ಜೀವನ ವೆಚ್ಚವನ್ನು ತೋರಿಸಬೇಕೆಂದು 2022ರಲ್ಲಿ ನಿಯಮವಿತ್ತು. ಆ ಮೊತ್ತ ಈಗ ಹೆಚ್ಚಿದೆ. ಸ್ವಂತ ಹಣವಾದರೆ ಅದು ಖಾತೆಯಲ್ಲಿ ಸತತ 28 ದಿನ ಕದಲದೆ ಇರಬೇಕು. ಮಂಜೂರಾದ ಶಿಕ್ಷಣ ಸಾಲಕ್ಕೆ ಈ ಕಟ್ಟುಪಾಡಿಲ್ಲ, ಬ್ಯಾಂಕಿನ ಪತ್ರದ ಒಕ್ಕಣೆ ಮಾತ್ರ ಸರಿಯಾಗಿರಬೇಕು. ಬೆಂಗಳೂರಿನಲ್ಲಿ ಅವರೇ ಗೊತ್ತುಪಡಿಸಿದ ಕ್ಲಿನಿಕ್ಕಿನಲ್ಲಿ ಎದೆಯ ಎಕ್ಸ್‌ರೇ ತೆಗೆಸಿ ಕ್ಷಯರೋಗವಿಲ್ಲವೆಂಬ ಪ್ರಮಾಣಪತ್ರ ಪಡೆದೆ. ಅದಕ್ಕೆ ಆರು ತಿಂಗಳ ಆಯುಸ್ಸು. ವೀಸಾ ಶುಲ್ಕದ ಮೇಲೆ ಆರೋಗ್ಯ ಸರ್‌ಚಾರ್ಜ್ ಎಂದು ವರ್ಷಕ್ಕೆ 470 ಪೌಂಡ್ ಇತ್ತು. ವಿದ್ಯಾರ್ಥಿಗಳಿಗೆ ಅದು 2024ರ ಫೆಬ್ರವರಿಯಿಂದ 776 ಪೌಂಡ್ ಆಗಿದೆ.

ಒಂದು ವರ್ಷದ ಎಂ.ಎಸ್ಸಿ. ಎಂದರೆ ಹೆಚ್ಚುಕಡಿಮೆ ಎರಡು ಸೆಮಿಸ್ಟರ್ ತರಗತಿ, ಬೇಸಿಗೆಯಲ್ಲಿ ಒಂದು ಸಂಶೋಧನಾ ಪ್ರಬಂಧ. ನಮ್ಮಲ್ಲಿ ಕೊನೆಯ ವಾರ ರಾತ್ರಿ ಕುಳಿತು ಓದಿ ಪಾಸಾಗುವ ಅಭ್ಯಾಸವಿದ್ದವರಿಗೆ ಅಲ್ಲಿನ ಕ್ರಮ ಹೊಸದು: ಪ್ರಕಟಿತ ಸಂಶೋಧನಾ ಲೇಖನವೊಂದನ್ನು ಕೊಟ್ಟು ಇದರ ವಿಧಾನದಲ್ಲಿ ಏನು ಕೊರತೆಯಿದೆ ಹೇಳಿ ಎನ್ನುತ್ತಾರೆ, ಅಚ್ಚಾದದ್ದರಲ್ಲೂ ಕೊರತೆ ಹುಡುಕಬಹುದೆಂಬ ಧೈರ್ಯ ಬರುವುದಕ್ಕೇ ನನಗೆ ಮೊದಲ ಸೆಮಿಸ್ಟರ್ ಹಿಡಿಯಿತು. ರಕ್ತಶಾಸ್ತ್ರ ಮತ್ತು ರಕ್ತಪೂರಣದ (ರೋಗಿಗೆ ರಕ್ತ ಕೊಡುವುದರ) ಮಾಡ್ಯೂಲುಗಳು ಬಹಳ ಚೆನ್ನಾಗಿದ್ದವು. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಹಗಲು ಕುಗ್ಗುತ್ತಾ ಹೋಗಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲಾಗುವ ದಿನಗಳಲ್ಲಿ, ತರಗತಿ ಮುಗಿಸಿ ಸೂಪರ್ ಮಾರ್ಕೆಟ್ಟಿನಲ್ಲಿ ಕಪಾಟು ತುಂಬುವ ಕೆಲಸಕ್ಕೆ ಹೋಗುವಾಗ ಮನಸ್ಸು ಕುಸಿಯುತ್ತಿದ್ದುದೂ ನಿಜ.

ಓದುತ್ತಿರುವಾಗಲೇ, ಅಂದರೆ 2023ರ ವಸಂತದಲ್ಲಿ, ಪದವಿ ಪರಿಶೀಲನೆಯ ಕೆಲಸ ಶುರುಮಾಡಿದೆ. ಐಬಿಎಂಎಸ್‌ನವರಿಗೆ ಅಂಕಪಟ್ಟಿ ಸಾಲದು. ಬಿ.ಎಸ್ಸಿ.ಯ ಪ್ರತಿ ಪತ್ರಿಕೆಯಲ್ಲಿ ಏನೇನು ಕಲಿಸಿದರು, ಎಷ್ಟು ಗಂಟೆ, ಪ್ರಾಯೋಗಿಕ ಯಾವುದು ಎಂಬ ಪಠ್ಯಕ್ರಮದ ಅಧಿಕೃತ ಪ್ರತಿ ಬೇಕು. ಜೊತೆಗೆ ನಮ್ಮ ಪದವಿ ಬ್ರಿಟನ್ನಿನ ಯಾವ ಮಟ್ಟಕ್ಕೆ ಸಮ ಎಂದು ತಿಳಿಸುವ ಎನಿಕ್ ಸಂಸ್ಥೆಯ ಪತ್ರವೂ ಬೇಕು. ಎನಿಕ್ ಪತ್ರ ಹಣ ಕಟ್ಟಿದರೆ ಬರುವಂಥದ್ದು. ಕಷ್ಟವಾದದ್ದು ಪಠ್ಯಕ್ರಮ. ಕರ್ನಾಟಕದಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯ ಜಾರಿಗೆ ಬಂದಿದ್ದರಿಂದ ನಮ್ಮ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಹೊಸದು ಮಾತ್ರ ಉಳಿದು, ನಾನು ಓದಿದ, ಅದಕ್ಕೂ ಹಿಂದಿನ ಸಿಬಿಸಿಎಸ್ ಪದ್ಧತಿಯ ಪಠ್ಯಕ್ರಮ ಕಾಣೆಯಾಗಿತ್ತು. 2024-25ರಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿ ಪಠ್ಯ ಬದಲಿಸಿತಾದ್ದರಿಂದ ನನ್ನ ನಂತರದವರ ಪಾಡು ಇನ್ನೂ ಗೋಜಲು.

ಅಪ್ಪನೇ ಹೋಗಬೇಕಾಯಿತು. ಮೊದಲು ಟಪಾಲು ವಿಭಾಗದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆದರು, ಚಲನ್ ಕಟ್ಟಿದರು. ಕಡತ ಶೈಕ್ಷಣಿಕ ವಿಭಾಗದ್ದೋ ಮೌಲ್ಯಮಾಪನ ಕುಲಸಚಿವರ ಕಚೇರಿಯದ್ದೋ ಎಂಬುದು ಇತ್ಯರ್ಥವಾಗುವಷ್ಟರಲ್ಲಿ ಮಳೆಗಾಲ ಬಂದಿತ್ತು. ಕೊನೆಗೆ ನಮ್ಮ ಕಾಲೇಜಿನ ಸೂಕ್ಷ್ಮಜೀವಶಾಸ್ತ್ರದ ಮೇಡಂ ತಮ್ಮ ಬೀರುವಿನಿಂದ ಹಳೆಯ ಪಠ್ಯಕ್ರಮದ ಪುಸ್ತಿಕೆ ಹುಡುಕಿ ಕೊಟ್ಟ ಮೇಲೆ, ಅದನ್ನೇ ತೋರಿಸಿ ಪ್ರತಿ ಪುಟಕ್ಕೂ ಮೊಹರು ಹಾಕಿಸಿಕೊಂಡು ಬಂದರು. ಫೋನಿನಲ್ಲಿ ಅವರು ಹೇಳಿದ್ದು ಒಂದೇ ಮಾತು: "ಪುಟ್ಟಿ, ನೀನು ಓದೋಕೆ ಮೂರು ವರ್ಷ ತಗೊಂಡೆ, ಏನು ಓದಿದೆ ಅಂತ ಇವರು ಹೇಳೋಕೂ ಅಷ್ಟೇ ತಗೊಳ್ತಾರೇನೋ ಅಂದ್ಕೊಂಡಿದ್ದೆ." ಹೊರಡುವ ಮುನ್ನವೇ ಪ್ರತಿ ಸೆಮಿಸ್ಟರಿನ ಪಠ್ಯಕ್ರಮಕ್ಕೆ ಮೊಹರು ಹಾಕಿಸಿ ಎರಡು ಪ್ರತಿ ಇಟ್ಟುಕೊಳ್ಳಿ. ಈ ಬರಹದಿಂದ ಬೇರೇನೂ ನೆನಪಿಡದಿದ್ದರೂ ಇದನ್ನು ನೆನಪಿಡಿ.

ಪರಿಶೀಲನೆಯ ಫಲಿತಾಂಶ ನಿರೀಕ್ಷಿಸಿದಂತೆಯೇ ಬಂತು. ಮಾನ್ಯತೆ ಪಡೆದ ಪದವಿಯಲ್ಲಿ ಕ್ಲಿನಿಕಲ್ ಬಯೋಕೆಮಿಸ್ಟ್ರಿ, ಮೆಡಿಕಲ್ ಮೈಕ್ರೋಬಯಾಲಜಿ, ರಕ್ತಶಾಸ್ತ್ರ ಮತ್ತು ರಕ್ತಪೂರಣ, ಕ್ಲಿನಿಕಲ್ ಇಮ್ಯುನಾಲಜಿ (ರೋಗನಿರೋಧಕ ವ್ಯವಸ್ಥೆಯ ಓದು), ಸೆಲ್ಯುಲರ್ ಪೆಥಾಲಜಿ (ಜೀವಕೋಶ, ಅಂಗಾಂಶಗಳಲ್ಲಿ ರೋಗ ಗುರುತಿಸುವುದು) ಈ ಐದೂ ಇರಬೇಕು. ನನ್ನ ಬಿ.ಎಸ್ಸಿ. ಮತ್ತು ಎಂ.ಎಸ್ಸಿ. ಸೇರಿ ಮೊದಲ ಮೂರನ್ನು ತುಂಬಿದವು, ಉಳಿದೆರಡಕ್ಕೆ ಪೂರಕ ಮಾಡ್ಯೂಲು ಓದಬೇಕೆಂದರು. ಮಾನ್ಯತೆ ಇರುವ ವಿಶ್ವವಿದ್ಯಾಲಯದಲ್ಲಿ ದೂರಶಿಕ್ಷಣದ ಮೂಲಕ ಅವನ್ನು ಮುಗಿಸಿದೆ. ಒಂದೊಂದಕ್ಕೂ ಸಾವಿರ ಪೌಂಡಿನ ಆಸುಪಾಸು ಖರ್ಚು. ಎಂ.ಎಸ್ಸಿ.ಯ ಐಚ್ಛಿಕ ಮಾಡ್ಯೂಲುಗಳನ್ನು ಆರಿಸುವಾಗ ಬಿ.ಎಸ್ಸಿ.ಯಲ್ಲಿ ಯಾವುದು ಇರಲಿಲ್ಲವೋ ಅದನ್ನೇ ಆರಿಸಿಕೊಂಡರೆ ಈ ಖರ್ಚು ಅಷ್ಟರಮಟ್ಟಿಗೆ ತಗ್ಗುತ್ತದೆ. ರಕ್ತಶಾಸ್ತ್ರದಲ್ಲಿ ನನಗೆ ಆದದ್ದು ಅದೇ.

ಈ ನಡುವೆ ವಿಶ್ವವಿದ್ಯಾಲಯವು ನಾನು ಉತ್ತೀರ್ಣಳಾದೆನೆಂದು ಗೃಹ ಇಲಾಖೆಗೆ ವರದಿ ಮಾಡಿದ ಮೇಲೆ, 2024ರ ಜನವರಿಯಲ್ಲಿ ಓದು ಮುಗಿಸಿದವರು ಅಲ್ಲೇ ಉಳಿದು ಕೆಲಸ ಮಾಡಲು ಕೊಡುವ ಎರಡು ವರ್ಷದ ಗ್ರಾಜುಯೇಟ್ ವೀಸಾಕ್ಕೆ ಅರ್ಜಿ ಹಾಕಿದೆ. ಅರ್ಜಿ ಶುಲ್ಕ 822 ಪೌಂಡ್, ಎರಡು ವರ್ಷದ ಸರ್‌ಚಾರ್ಜ್ 1,248 ಪೌಂಡ್, ಒಟ್ಟು 2,070. ಫೆಬ್ರವರಿ 6ರಿಂದ ಸರ್‌ಚಾರ್ಜ್ ವರ್ಷಕ್ಕೆ 1,035 ಪೌಂಡಿಗೆ ಏರಿತು, ಅಂದರೆ ನಾನು ಎಲ್ಲ ಸೇರಿ ಕಟ್ಟಿದಷ್ಟನ್ನು ನಂತರ ಅರ್ಜಿ ಹಾಕಿದ ಸಹಪಾಠಿಗಳು ಸರ್‌ಚಾರ್ಜ್ ಒಂದಕ್ಕೇ ಕಟ್ಟಿದರು. ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಲೆಕ್ಕ: ವೀಸಾ ಮುಗಿಯುವುದು 2026ರ ಜನವರಿಯಲ್ಲಿ, ತರಬೇತಿಗೆ ಕಡಿಮೆಯೆಂದರೂ ಒಂದು ವರ್ಷ ಬೇಕು, ತರಬೇತಿ ಕೊಡುವ ಲ್ಯಾಬು ಇನ್ನೂ ಸಿಕ್ಕಿಲ್ಲ.

ನೋಂದಣಿಯಿಲ್ಲದವರಿಗೆ ಲ್ಯಾಬಿನಲ್ಲಿ ಸಿಗುವ ಮೊದಲ ಮೆಟ್ಟಿಲು ಮೆಡಿಕಲ್ ಲ್ಯಾಬೊರೇಟರಿ ಅಸಿಸ್ಟೆಂಟ್ ಹುದ್ದೆ. ಎನ್‌ಎಚ್‌ಎಸ್‌ನ ಜಾಹೀರಾತುಗಳಲ್ಲಿ ಕೊನೆಯ ದಿನಾಂಕ ನಂಬಿ ಕೂರಬಾರದು, ಅರ್ಜಿಗಳು ಹೆಚ್ಚಾದರೆ ಮೊದಲೇ ಮುಚ್ಚಿಬಿಡುತ್ತಾರೆ. ಅರ್ಜಿಯಲ್ಲಿ ಅವರು ಕೇಳಿದ ಪ್ರತಿಯೊಂದು ಅರ್ಹತೆಗೂ ಉದಾಹರಣೆ ಸಹಿತ ಉತ್ತರವಿರಬೇಕು. ಊರಿನ ಲ್ಯಾಬಿನಲ್ಲಿ ಬೆಳಗ್ಗೆ ಆರಕ್ಕೆ ರಕ್ತ ತೆಗೆದ ಅನುಭವ ನನ್ನ ಎಂ.ಎಸ್ಸಿ.ಗಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇಲ್ಲಿ. ಸಂದರ್ಶನದ ಕೊನೆಯಲ್ಲಿ 'ನಿಮ್ಮದೇನಾದರೂ ಪ್ರಶ್ನೆಯಿದೆಯೇ' ಎಂದಾಗ, ನಿಮ್ಮ ಲ್ಯಾಬಿಗೆ ಐಬಿಎಂಎಸ್‌ನ ತರಬೇತಿ ಅನುಮೋದನೆ ಇದೆಯೇ, ಅಸಿಸ್ಟೆಂಟರಾಗಿ ಬಂದವರನ್ನು ಪೋರ್ಟ್‌ಫೋಲಿಯೊಗೆ ತೆಗೆದುಕೊಳ್ಳುವ ವಾಡಿಕೆ ಇದೆಯೇ ಎಂದು ಕೇಳಿದೆ. ಒಂದು ಲ್ಯಾಬಿನವರು ಇಲ್ಲವೆಂದು ನೇರವಾಗಿ ಹೇಳಿದ್ದರಿಂದ ಅಲ್ಲಿನ ಕೆಲಸ ಸಿಕ್ಕರೂ ಹೋಗಲಿಲ್ಲ. ಆಯ್ಕೆಯಾದ ಮೇಲೆ ಭಾರತದ ಪೊಲೀಸ್ ಕ್ಲಿಯರೆನ್ಸ್ ಮತ್ತು ಲಸಿಕೆಗಳ ಪುರಾವೆ ಕೇಳಿದರು. ಬಾಲ್ಯದ ಲಸಿಕೆ ಚೀಟಿ ಯಾರ ಮನೆಯಲ್ಲಿ ಉಳಿದಿರುತ್ತದೆ? ರಕ್ತ ಪರೀಕ್ಷೆ ಮಾಡಿಸಿ ರೋಗನಿರೋಧಕ ಮಟ್ಟ ತೋರಿಸಬೇಕಾಯಿತು.

ಮೊದಲ ತಿಂಗಳುಗಳು ಮಾದರಿ ಸ್ವೀಕರಿಸುವ ಕೋಣೆಯಲ್ಲಿ ಕಳೆದವು. ಕೊಳವೆಯ ಮೇಲಿನ ಹೆಸರು, ಜನ್ಮದಿನಾಂಕ, ಆಸ್ಪತ್ರೆಯ ಸಂಖ್ಯೆಯನ್ನು ಕೋರಿಕೆಯೊಂದಿಗೆ ಹೋಲಿಸುವುದು, ಸೆಂಟ್ರಿಫ್ಯೂಜಿಗೆ ಹಾಕುವುದು, ವಿಭಾಗಗಳಿಗೆ ಹಂಚುವುದು. ರಕ್ತಪೂರಣದ ಮಾದರಿಯಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದರೂ ತಿದ್ದುವ ಮಾತಿಲ್ಲ, ಮತ್ತೆ ರಕ್ತ ತೆಗೆಯಬೇಕು. ವಾರ್ಡಿನವರು ಫೋನಿನಲ್ಲಿ ಎಷ್ಟು ರೇಗಿದರೂ ಬಗ್ಗಬಾರದೆಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. ಊರಿನ ಲ್ಯಾಬಿನಲ್ಲಿ ಪೆನ್ನಿನಿಂದ ತಿದ್ದಿ ಮುಂದೆ ಹೋಗುವುದನ್ನು ಕಂಡಿದ್ದ ನನಗೆ ಆ ಕಟ್ಟುನಿಟ್ಟಿನ ಅರ್ಥ ನಿಧಾನವಾಗಿ ಆಯಿತು.

ಪೂರಕ ಮಾಡ್ಯೂಲು ಮುಗಿದ ಮೇಲೆ 2024ರ ಶರತ್ಕಾಲದಲ್ಲಿ ಅದೇ ಲ್ಯಾಬಿನಲ್ಲಿ ಟ್ರೈನಿಯಾಗಿ ಪೋರ್ಟ್‌ಫೋಲಿಯೊ ಆರಂಭಿಸಿದೆ. ಎಚ್‌ಸಿಪಿಸಿಯು ವೃತ್ತಿಪರರಿಗೆ ನಿಗದಿಪಡಿಸಿದ ಸಾಮರ್ಥ್ಯದ ಮಾನದಂಡಗಳಿವೆ. 2023ರ ಸೆಪ್ಟೆಂಬರಿನಿಂದ ಪರಿಷ್ಕೃತ ಮಾನದಂಡಗಳು ಜಾರಿಯಲ್ಲಿವೆ. ರೋಗಿಯ ಗೌಪ್ಯತೆಯಿಂದ ಹಿಡಿದು ಗುಣಮಟ್ಟದ ನಿಯಂತ್ರಣದವರೆಗೆ ಪ್ರತಿಯೊಂದನ್ನೂ ನಾನು ಪಾಲಿಸಬಲ್ಲೆನೆಂಬುದಕ್ಕೆ ಕೆಲಸದಿಂದಲೇ ಆರಿಸಿದ ಪುರಾವೆ ಕೊಡಬೇಕು, ಅದರಿಂದ ಏನು ಕಲಿತೆನೆಂದು ಬರೆಯಬೇಕು, ತರಬೇತಿ ಅಧಿಕಾರಿ ಸಹಿ ಹಾಕಬೇಕು. ಹಾಳೆ ಗುಡ್ಡೆ ಹಾಕುವುದರಿಂದ ಪ್ರಯೋಜನವಿಲ್ಲ. ಒಂದು ಒಳ್ಳೆಯ ಪ್ರಕರಣ ಹತ್ತು ಜೆರಾಕ್ಸ್ ಪ್ರತಿಗಳ ಕೆಲಸ ಮಾಡುತ್ತದೆ.

ನನ್ನ ಪುರಾವೆಗಳಲ್ಲಿ, ಕೊನೆಗೆ ಪೋರ್ಟ್‌ಫೋಲಿಯೊ ನೋಡಲು ಬಂದ ಪರಿಶೀಲಕರು ಹೆಚ್ಚು ಹೊತ್ತು ಕೇಳಿದ ಪ್ರಕರಣವನ್ನು ಹೇಳುತ್ತೇನೆ. ಒಂದು ಮಧ್ಯಾಹ್ನ ವಾರ್ಡಿನಿಂದ ಬಂದ ಮಾದರಿಯಲ್ಲಿ ಪೊಟ್ಯಾಸಿಯಂ 8ನ್ನು ದಾಟಿತ್ತು. ಹಾಗಿದ್ದರೆ ಹೃದಯ ಯಾವ ಕ್ಷಣದಲ್ಲಾದರೂ ನಿಲ್ಲಬಹುದು, ಕೂಡಲೇ ವೈದ್ಯರಿಗೆ ಫೋನು ಮಾಡಬೇಕಾದ ಸಂಖ್ಯೆ ಅದು. ಆದರೆ ಅದೇ ಮಾದರಿಯಲ್ಲಿ ಕ್ಯಾಲ್ಸಿಯಂ ನಂಬಲಾಗದಷ್ಟು ಕೆಳಗಿತ್ತು, ಆಲ್ಕಲೈನ್ ಫಾಸ್ಫಟೇಸ್ ಕಿಣ್ವವೂ ಕುಸಿದಿತ್ತು. ನೇರಳೆ ಮುಚ್ಚಳದ ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎಯ ಪೊಟ್ಯಾಸಿಯಂ ಲವಣ ಇರುತ್ತದೆ. ಅದು ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ, ಆ ಕಿಣ್ವಕ್ಕೆ ಬೇಕಾದ ಲೋಹದ ಅಯಾನುಗಳನ್ನೂ ಕಸಿಯುತ್ತದೆ. ಬಯೋಕೆಮಿಸ್ಟ್ರಿಯ ಹಳದಿ ಮುಚ್ಚಳದ ಕೊಳವೆಯಲ್ಲಿ ರಕ್ತ ಸಾಲದೆಂದು ಯಾರೋ ನೇರಳೆ ಕೊಳವೆಯಿಂದ ಸುರಿದಿರಬೇಕೆಂದು ಹಿರಿಯ ಸಹೋದ್ಯೋಗಿಗೆ ಹೇಳಿ, ಫಲಿತಾಂಶ ತಡೆದು, ವಾರ್ಡಿಗೆ ಫೋನು ಮಾಡಿ ಹೊಸ ಮಾದರಿ ತರಿಸಿದೆವು. ಹೊಸದರಲ್ಲಿ ಪೊಟ್ಯಾಸಿಯಂ 4.3, ಸಹಜ ಮಟ್ಟ. ಊರಿನ ಬಿ.ಎಸ್ಸಿ.ಯಲ್ಲಿ ಇಡಿಟಿಎ ಟೈಟ್ರೇಷನ್ನಿನಿಂದ ನೀರಿನ ಗಡಸುತನ ಅಳೆದದ್ದು ಹೀಗೆ ಒದಗಿಬಂತು. ಇಂಥದ್ದನ್ನು ನಡೆದ ದಿನವೇ ರೋಗಿಯ ಗುರುತಿಲ್ಲದಂತೆ ಬರೆದಿಟ್ಟುಕೊಳ್ಳಬೇಕು, ತಿಂಗಳು ಕಳೆದರೆ ಸಂಖ್ಯೆಗಳು ಮರೆಯುತ್ತವೆ.

ಬೇಸಿಗೆಯಲ್ಲಿ ತರಬೇತಿ ಅಧಿಕಾರಿ ದೀರ್ಘ ರಜೆಯ ಮೇಲೆ ಹೋದದ್ದರಿಂದ ಸಹಿಗಳು ನಿಂತವು. ನಾನು ಅತ್ಯಂತ ಕಂಗೆಟ್ಟಿದ್ದು ಆಗಲೇ. ವೀಸಾ ಮುಗಿಯುವ ದಿನಾಂಕವನ್ನು ವ್ಯವಸ್ಥಾಪಕರಿಗೆ ಲಿಖಿತವಾಗಿ ತಿಳಿಸಿದ ಮೇಲೆ ಬೇರೊಬ್ಬರಿಗೆ ಆ ಹೊಣೆ ವಹಿಸಿದರು. ಬಾಯಿಮಾತಿನಲ್ಲಿ ಹೇಳಿದ್ದು ಅಲ್ಲಿಯೂ ಗಾಳಿಗೆ ಹೋಗುತ್ತದೆ. ಬೇರೆ ಆಸ್ಪತ್ರೆಯಿಂದ ಬಂದ ಪರಿಶೀಲಕರು ದಾಖಲೆ ನೋಡಿ, ಲ್ಯಾಬಿನಲ್ಲಿ ನನ್ನೊಂದಿಗೆ ಓಡಾಡಿ, ಪ್ರಶ್ನೆ ಕೇಳಿ ಹೋದರು. ಸರ್ಟಿಫಿಕೇಟ್ ಬಂತು, ಎಚ್‌ಸಿಪಿಸಿಯ ಅರ್ಜಿ ಹಾಕಿದೆ, ನೋಂದಣಿ ಸಂಖ್ಯೆ ಬಂತು. ಅಪ್ಪನಿಗೆ ಫೋನು ಮಾಡಿದಾಗ ಅಮ್ಮ ಕಿತ್ತುಕೊಂಡು, "ಇನ್ನು ಪರೀಕ್ಷೆ ಇಲ್ವಲ್ಲ?" ಎಂದು ಕೇಳಿದರು.

ಪರೀಕ್ಷೆ ಇದೆ. ನೋಂದಣಿಯಾದವರು ಎನ್‌ಎಚ್‌ಎಸ್ ವೇತನ ಶ್ರೇಣಿಯ ಬ್ಯಾಂಡ್ 5ರಲ್ಲಿ ಸೇರುತ್ತಾರೆ, ಇಂಗ್ಲೆಂಡಿನಲ್ಲಿ 2025-26ಕ್ಕೆ ಅದರ ಆರಂಭದ ವೇತನ ವರ್ಷಕ್ಕೆ 31,049 ಪೌಂಡ್ ಇತ್ತು. ಒಂದು ವಿಭಾಗದಲ್ಲಿ ಸ್ಪೆಷಲಿಸ್ಟ್ ಡಿಪ್ಲೊಮಾ ಮುಗಿಸಿದರೆ ಅದೇ ಸಾಲಿನಲ್ಲಿ 38,682 ಪೌಂಡಿನಿಂದ ಆರಂಭವಾಗುತ್ತಿದ್ದ ಬ್ಯಾಂಡ್ 6ರ ಬಾಗಿಲು ತೆರೆಯುತ್ತದೆ. ಎರಡು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಆಸ್ಪತ್ರೆಯವರೇ ಪ್ರಾಯೋಜಿಸಿದ ಹೆಲ್ತ್ ಅಂಡ್ ಕೇರ್ ವೀಸಾಕ್ಕೆ ಬದಲಾಯಿಸಿಕೊಂಡೆ, ಅದರಲ್ಲಿ ಸರ್‌ಚಾರ್ಜ್ ಇಲ್ಲ. ಸಾಲ ರೂಪಾಯಿಯಲ್ಲಿದ್ದದ್ದು ಒಳ್ಳೆಯದೇ ಆಯಿತು: 2022ರ ಸೆಪ್ಟೆಂಬರಿನಲ್ಲಿ ನೂರು ರೂಪಾಯಿಗಿಂತ ಕಡಿಮೆಯಿದ್ದ ಪೌಂಡು 2025ರಲ್ಲಿ ನೂರಹದಿನೈದರ ಆಚೀಚೆ ಇದ್ದುದರಿಂದ ಕಂತು ಹಗುರವಾಗಿದೆ.

ನನ್ನ ಜೊತೆ ಓದಿದವರೆಲ್ಲ ಈ ದಾರಿ ಹಿಡಿದಿಲ್ಲ. ಒಬ್ಬಳು ಪಿಎಚ್‌.ಡಿ. ಮಾಡುತ್ತಿದ್ದಾಳೆ, ಒಬ್ಬ ಔಷಧ ಕಂಪನಿಯಲ್ಲಿ ಗುಣಮಟ್ಟ ಪರಿಶೀಲನೆಯಲ್ಲಿದ್ದಾನೆ. ಇನ್ನೊಬ್ಬ ಬೆಂಗಳೂರಿಗೆ ಮರಳಿ ಕ್ಲಿನಿಕಲ್ ಟ್ರಯಲ್‌ಗಳ ಉಸ್ತುವಾರಿ ಕೆಲಸ ಸೇರಿದ. ರೋಗಿಗಳ ಚಿಕಿತ್ಸೆಯ ಬಗ್ಗೆ ವೈದ್ಯರಿಗೆ ಸಲಹೆ ಕೊಡುವ ಕ್ಲಿನಿಕಲ್ ಸೈಂಟಿಸ್ಟ್ ಆಗಬೇಕೆಂದವರಿಗೆ ಎನ್‌ಎಚ್‌ಎಸ್‌ನ ಮೂರು ವರ್ಷದ ಸೈಂಟಿಸ್ಟ್ ಟ್ರೇನಿಂಗ್ ಪ್ರೋಗ್ರಾಂ ಇದೆ, ಅಲ್ಲಿ ಪೈಪೋಟಿ ವಿಪರೀತ. ಸಂಶೋಧನೆಯೇ ಇಷ್ಟವೆನ್ನುವವರು ಇಷ್ಟು ದೂರ ಬರಬೇಕೆಂದೇನೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳಲ್ಲಿ ಬಯೋಮೆಡಿಕಲ್ ಸೈನ್ಸ್ ಆನರ್ಸ್ ಪದವಿ ಇದೆ, ಅಲ್ಲಿನ ಅಂಬೇಡ್ಕರ್ ಬಯೋಮೆಡಿಕಲ್ ಸಂಶೋಧನಾ ಕೇಂದ್ರದಲ್ಲಿ ಎಂ.ಎಸ್ಸಿ. ಇದೆ. ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧಕರ ಫೆಲೋಶಿಪ್, ಪಡೆದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ ಸಿಗುತ್ತಿದ್ದು, ಬೆಂಗಳೂರಿನಲ್ಲೇ ಐಐಎಸ್ಸಿ, ಎನ್‌ಸಿಬಿಎಸ್, ನಿಮ್ಹಾನ್ಸ್‌ನಂಥ ಸಂಶೋಧನಾ ಸಂಸ್ಥೆಗಳಿವೆ.

ಬ್ರಿಟನ್ನಿಗೇ ಬರುವವರು ಗಮನಿಸಬೇಕಾದ ಬದಲಾವಣೆ ಒಂದಿದೆ. 2027ರ ಜನವರಿ 1ರಿಂದ ಅರ್ಜಿ ಹಾಕುವ ಪದವಿ ಮತ್ತು ಸ್ನಾತಕೋತ್ತರ ಪದವೀಧರರಿಗೆ ಗ್ರಾಜುಯೇಟ್ ವೀಸಾ ಎರಡು ವರ್ಷದ ಬದಲು ಹದಿನೆಂಟು ತಿಂಗಳು ಮಾತ್ರ. ಪೋರ್ಟ್‌ಫೋಲಿಯೊಗೆ ಒಂದು ವರ್ಷ ಕಳೆದರೆ ಉಳಿಯುವುದು ಆರು ತಿಂಗಳು. ಕೆಲಸ ಹುಡುಕಿ, ಪದವಿ ಪರಿಶೀಲನೆ ಮಾಡಿಸಿ, ಪೂರಕ ಮಾಡ್ಯೂಲು ಓದುವುದೆಲ್ಲ ಅಷ್ಟರೊಳಗೆ ಆಗುವುದಿಲ್ಲ. ಆದ್ದರಿಂದ ಎನಿಕ್ ಪತ್ರ ಮತ್ತು ಪದವಿ ಪರಿಶೀಲನೆಯ ಅರ್ಜಿಯನ್ನು ಊರಿನಲ್ಲಿರುವಾಗಲೇ, ಎಂ.ಎಸ್ಸಿ.ಯ ಮಾಡ್ಯೂಲುಗಳನ್ನು ಆರಿಸುವ ಮೊದಲೇ ಹಾಕಿಬಿಡಿ.